10 ನಿಮಿಷಕ್ಕೆ 42 ಸ್ಲೈಡ್ ಬೇಕಾ?

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೆಣಸಿನಕಾಯಿ ಗಿಡದ ಎಲೆ ಮುದುಡೋ ಮುಟುರು ರೋಗ ನನ್ನ ವಿಷಯ. ಸೆಮಿನಾರಿಗೆ ಇರೋದು 10 ನಿಮಿಷ, ಸ್ಲೈಡ್ 42 ಆಗಿವೆ. ಆಮೇಲೆ ಬ್ಯಾಡಗಿ ಕಡೆಯ ರೈತರಿಗೂ ಹೇಳಬೇಕು. ಕಥೆ ಹೇಳಿದ ಹಾಗೆ ಹೇಳು ಅಂತಾರೆ ಗೈಡ್. ವಿಜ್ಞಾನ ಹಗುರ ಆಗಲ್ವಾ?
– ಹಾವೇರಿಯ ವಿದ್ಯಾರ್ಥಿನಿ

ಉತ್ತರ: ನೀವು ಕಥೆ ಕಟ್ಟೋದೇ ಬೇಡ, ಅದು ಹೊಲದಲ್ಲೇ ಬಿದ್ದಿದೆ. ರೈತ ಔಷಧ ಹೊಡೆದ. ಎಲೆ ಮುದುಡೋದು ನಿಲ್ಲಲಿಲ್ಲ. ಮತ್ತೆ ಹೊಡೆದ, ಇನ್ನೂ ಜಾಸ್ತಿ ಆಯಿತು. ಯಾಕೆ? ಮೊದಲ ಸ್ಲೈಡ್ ಇಷ್ಟೇ ಇರಲಿ.

ಆಮೇಲೆ ಎಲೆ ತೋರಿಸಿ. ಥ್ರಿಪ್ಸ್ ರಸ ಹೀರಿದರೆ ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗುತ್ತದೆ. ಹಳದಿ ಮೈಟ್ ನುಸಿ ಹೀರಿದರೆ ದೋಣಿ ಮಗುಚಿದ ಹಾಗೆ ಕೆಳಕ್ಕೆ ಮಡಚುತ್ತದೆ, ತೊಟ್ಟು ಉದ್ದ ಆಗುತ್ತದೆ. ಥ್ರಿಪ್ಸ್ 6 ಕಾಲಿನ ಕೀಟ, ಮೈಟ್ 8 ಕಾಲಿನದು, ಜೇಡದ ಬಳಗ. ಹಾಗಾಗಿ ಕೀಟಕ್ಕೆ ಅಂತ ತಂದ ಎಷ್ಟೋ ಔಷಧ ಇದಕ್ಕೆ ನಾಟುವುದೇ ಇಲ್ಲ, ಪೈರೆಥ್ರಾಯ್ಡ್ ಥರದವು ನುಸಿಯನ್ನು ತಿಂದು ಬದುಕೋ ಜೀವಿಗಳನ್ನೇ ಕೊಂದು ನುಸಿ ಹೆಚ್ಚೋಕೆ ದಾರಿ ಮಾಡಿಕೊಡಬಹುದು. ರೈತನ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ವಾ?

ಆದರೆ ಇಲ್ಲೇ ಎಡವೋದು. ಬಿಳಿನೊಣ ಹರಡೋ ವೈರಸ್‌ನಿಂದಲೂ ಎಲೆ ಮುದುಡುತ್ತದೆ. ಅದನ್ನು ಹೇಳದೆ ಬಿಟ್ಟರೆ ಕಥೆ ಚಂದ ಆಗುತ್ತದೆ, ವಿಜ್ಞಾನ ಕೆಡುತ್ತದೆ. ನಿಮ್ಮ ಊಹೆಗೆ ಒಗ್ಗದ ತಾಕು ಒಂದಿದ್ದರೂ ಹೇಳಿಬಿಡಿ. ಕೇಳುವವರ ಕಿವಿ ನೆಟ್ಟಗಾಗೋದು ಅಲ್ಲೇ.

ಸೆಮಿನಾರಿಗೆ 8-10 ಸ್ಲೈಡ್ ಸಾಕು. ಮೇಲೆ ಸುಮ್ನೆ ‘ಫಲಿತಾಂಶ’ ಅಂತ ಬರೆಯಬೇಡಿ, ‘ಕೆಳಕ್ಕೆ ಮಡಚಿದ ಗಿಡಗಳಲ್ಲಿ ನುಸಿಯೇ ಜಾಸ್ತಿ’ ಅಂತ ನೀವು ಕಂಡದ್ದನ್ನೇ ಪೂರ್ತಿ ವಾಕ್ಯದಲ್ಲಿ ಬರೆಯಿರಿ. ದೊಡ್ಡ ಕೋಷ್ಟಕಗಳನ್ನು ಕೊನೆಗೆ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ತೆಗೆದು ತೋರಿಸೋಕೆ.

ರೈತರ ಮುಂದೆ ಲ್ಯಾಪ್‌ಟಾಪ್ ಬೇಡವೇ ಬೇಡ. ನಾನೊಮ್ಮೆ ಹಗಲು ಹೊತ್ತಲ್ಲಿ ಶಾಮಿಯಾನದ ಕೆಳಗೆ ಪ್ರೊಜೆಕ್ಟರ್ ಹಚ್ಚಿ ಪೇಚಿಗೆ ಬಿದ್ದಿದ್ದೆ. ಪರದೆ ಮೇಲೆ ಏನೂ ಕಾಣಲಿಲ್ಲ. ಹಿಂದೆ ಕೂತಿದ್ದ ಅಜ್ಜ ಒಬ್ಬರು, “ತಮ್ಮಾ, ಎಲಿ ತಂದಿದ್ರ ತೋರ್ಸು” ಅಂದರು. ತಂದಿರಲಿಲ್ಲ! ನೀವು ಎರಡೂ ಥರದ ಎಲೆ ಮತ್ತು 10 ಪಟ್ಟು ದೊಡ್ಡದಾಗಿ ಕಾಣೋ ಕೈ ಮಸೂರ ಒಯ್ಯಿರಿ. ಭಾಷಣಕ್ಕಿಂತ ಮೊದಲು “ನಿಮ್ಮ ಹೊಲದಾಗ ಎಲಿ ಯಾವ ಕಡೆ ಮಡಚೇತ್ರಿ?” ಅಂತ ಅವರನ್ನೇ ಕೇಳಿ. ಅರ್ಧ ಮಾತು ಅವರೇ ಆಡುತ್ತಾರೆ.

ಅಭ್ಯಾಸಕ್ಕೆ ಕನ್ನಡಿ ಮುಂದೆ ನಿಲ್ಲಬೇಡಿ. ಕೃಷಿ ಓದದ ಗೆಳತಿಯ ಜೊತೆ ಧಾರವಾಡದಲ್ಲಿ ಹುಬ್ಬಳ್ಳಿಗೆ ಹೋಗೋ ಚಿಗರಿ ಬಸ್ ಹತ್ತಿ, ನವನಗರ ಬರೋದರೊಳಗೆ ಅವಳಿಗೆ ಹೇಳಿ ಮುಗಿಸಿ. ನಿಮ್ಮ ಮಾತು ಎಲ್ಲಿಗೆ ಬಂದಾಗ ಅವಳು ಮೊಬೈಲ್ ತೆಗೆದಳು ಅಂತ ಗುರುತು ಮಾಡಿಕೊಂಡು, ರಾತ್ರಿ ಆ ಸ್ಲೈಡ್ ಕಿತ್ತುಹಾಕಿ.