ಡಬ್ಬಿಯ ಮೇಲೆ ಬರೆಯದ ಸ್ಟೆರಾಯ್ಡ್

ಪ್ರಶ್ನೆ: ನನಗೆ 24 ವರ್ಷ. ಸ್ನಾಯು ಬೆಳೆಸುವ ಕ್ಯಾಪ್ಸೂಲ್ ಆರು ವಾರ ತೆಗೆದುಕೊಂಡೆ, ತೂಕ 5 ಕೆ.ಜಿ. ಏರಿತು. ಈಗ ಹತ್ತು ದಿನದಿಂದ ಮೈಯೆಲ್ಲ ತುರಿಕೆ, ಮೂತ್ರ ಕಡು ಚಹಾದ ಬಣ್ಣ. ಡಬ್ಬಿಯ ಮೇಲೆ ಸ್ಟೆರಾಯ್ಡ್ ಎಂದು ಎಲ್ಲೂ ಇಲ್ಲ. ಅದರಿಂದಲೇ ಹೀಗಾಗಿರಬಹುದೇ?

ಉತ್ತರ: ಆ ಅನುಮಾನವೇ ಬಲವಾಗಿದೆ. ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ. ಪ್ರಮಾಣ ಇಳಿಸಿ ನೋಡುವ ಪ್ರಯೋಗ ಬೇಡ. ಉಳಿದ ಕ್ಯಾಪ್ಸೂಲ್ ಸಮೇತ ಡಬ್ಬಿ ಹಿಡಿದು ತಡಮಾಡದೆ ವೈದ್ಯರ ಬಳಿ ಹೋಗಿ.

ಸ್ನಾಯು ಬೆಳೆಸುವ ಸ್ಟೆರಾಯ್ಡ್‌ಗಳು ಪುರುಷ ಹಾರ್ಮೋನ್ ಆದ ಟೆಸ್ಟೋಸ್ಟೆರಾನನ್ನು ಹೋಲುವ ರಾಸಾಯನಿಕಗಳು. ಟೆಸ್ಟೋಸ್ಟೆರಾನನ್ನು ಹಾಗೆಯೇ ನುಂಗಿದರೆ ಯಕೃತ್ತು ಬಹುಪಾಲನ್ನು ಒಡೆದುಹಾಕುತ್ತದೆ. ಅದು ಒಡೆಯದಿರಲೆಂದು ಬಾಯಿಯ ಮೂಲಕ ಕೊಡುವ ಎಷ್ಟೋ ಸ್ಟೆರಾಯ್ಡ್‌ಗಳ ಅಣುವಿನ 17ನೇ ಇಂಗಾಲಕ್ಕೆ ಮೀಥೈಲ್ ಗುಂಪು ಎಂಬ ಸಣ್ಣ ರಾಸಾಯನಿಕ ತುಣುಕು ಅಂಟಿಸಿರುತ್ತಾರೆ. ತೊಂದರೆಯ ಬೇರು ಅಲ್ಲೇ: ಯಕೃತ್ತಿನಿಂದ ಪಿತ್ತರಸ ಹರಿಯುವುದು ಕುಂಠಿತವಾಗಿ, ಪಿತ್ತದ ಅಂಶಗಳು ರಕ್ತದಲ್ಲೇ ಉಳಿಯುತ್ತವೆ. ಮೊದಲು ತುರಿಕೆ, ಕಡು ಮೂತ್ರ, ಬಿಳಿಚಿದ ಮಲ. ಕಣ್ಣು ಹಳದಿಯಾಗುವುದು ಆಮೇಲೂ ಇರಬಹುದು.

ರಕ್ತಪರೀಕ್ಷೆಯ ವರದಿಯಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣದ ಅಂಶ) ವಿಪರೀತ ಏರಿದ್ದು, ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಸ್ವಲ್ಪವೇ ಹೆಚ್ಚಿರಬಹುದು. ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಭಾರ ಎತ್ತುವವರಲ್ಲಿ ಎಸ್‌ಜಿಒಟಿ (ಅಂಥದ್ದೇ ಇನ್ನೊಂದು ಕಿಣ್ವ), ಎಸ್‌ಜಿಪಿಟಿ ಸ್ನಾಯುವಿನಿಂದಲೂ ಏರುತ್ತವೆ, ಹಾಗಾಗಿ ವ್ಯಾಯಾಮದ ವಿಷಯವನ್ನೂ ವೈದ್ಯರಿಗೆ ಹೇಳಿ. ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಹೆಪಟೈಟಿಸ್ ಪರೀಕ್ಷೆಗಳು ಮತ್ತು ಹೊಟ್ಟೆಯ ಸ್ಕ್ಯಾನ್ ಬೇಕು. ಬಿಲಿರುಬಿನ್ ತೀರಾ ಏರಿದರೆ ಮೂತ್ರಪಿಂಡಕ್ಕೂ ಪೆಟ್ಟು. ನಿಲ್ಲಿಸಿದ ಮೇಲೂ ಕಾಮಾಲೆ ಕೆಲವು ವಾರ ಹೆಚ್ಚುತ್ತಲೇ ಹೋಗಬಹುದು, ಪೂರ್ತಿ ಇಳಿಯಲು ತಿಂಗಳುಗಳೇ ಬೇಕಾಗಬಹುದು. ಅಷ್ಟರಲ್ಲಿ ಮದ್ಯ ಬೇಡ, ಕೇಳದೆ ಪ್ಯಾರಾಸಿಟಮಾಲ್ ಬೇಡ, ‘ಲಿವರ್ ಟಾನಿಕ್’ ಅಂತೂ ಬೇಡವೇ ಬೇಡ. ಮಂಪರು, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು ಕಂಡರೆ ನೇರ ತುರ್ತು ವಿಭಾಗಕ್ಕೆ.

ಪ್ರಶ್ನೆ: ಕೊಳ್ಳುವಾಗಲೇ ಪತ್ತೆ ಹಚ್ಚಬಹುದೇ?

ಉತ್ತರ: ಪೂರ್ತಿಯಾಗಿ ಆಗದು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ದೇಶಗಳಿಂದ ತಂದ 634 ಪೂರಕಗಳನ್ನು ಪರೀಕ್ಷಿಸಿದಾಗ, 94ರಲ್ಲಿ ಲೇಬಲ್ ಹೇಳದ ಸ್ಟೆರಾಯ್ಡ್ ಅಂಶ ಸಿಕ್ಕಿತ್ತು. ಆದರೂ ಕೆಲವು ಲೇಬಲ್‌ಗಳು ತಾವೇ ಬಾಯಿ ಬಿಡುತ್ತವೆ: ‘ಪ್ರೋಹಾರ್ಮೋನ್’, ‘ಆಂಡ್ರೋ’, ‘17-ಆಲ್ಫಾ-ಮೀಥೈಲ್’ ಎಂಬ ಪದಗಳು, ‘ನಾಲ್ಕು ವಾರ ತೆಗೆದುಕೊಂಡು ನಾಲ್ಕು ವಾರ ಬಿಡಿ’ ಎಂಬ ಸೂಚನೆ. ಬರೀ ಪ್ರೋಟೀನ್ ಪುಡಿಗೆ ಇಂಥ ಬಿಡುವು ಯಾಕೆ ಬೇಕು? ಸ್ಪರ್ಧೆಗೆ ಇಳಿಯುವವರು ಇನ್ನೊಂದು ನೆನಪಿಡಿ: ‘ಒಳಗೇನಿತ್ತೋ ಗೊತ್ತಿರಲಿಲ್ಲ’ ಎಂದ ಮಾತ್ರಕ್ಕೆ ಡೋಪಿಂಗ್ ನಿಯಮ ಬಿಡುವುದಿಲ್ಲ.

ಪ್ರಶ್ನೆ: ಇಂಥದ್ದೇ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯಿತು. ಲೈಂಗಿಕ ಆಸಕ್ತಿ ಇಲ್ಲ, ಸುಸ್ತು, ವೀರ್ಯದಲ್ಲಿ ವೀರ್ಯಾಣುಗಳೂ ಇಲ್ಲ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳಲೇ?

ಉತ್ತರ: ಬೇಡ. ಹೊರಗಿನ ಹಾರ್ಮೋನ್ ಬಂದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕೆಲಸ ಹೇಳುವ ಹಾರ್ಮೋನ್‌ಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ. ಇಂಜೆಕ್ಷನ್‌ನಿಂದ ಸುಸ್ತು ಕಡಿಮೆಯಾದೀತು, ವೀರ್ಯಾಣು ಉತ್ಪಾದನೆ ಮಾತ್ರ ಇನ್ನೂ ಮುಚ್ಚಿಯೇ ಇರುತ್ತದೆ. ಬೆಳಿಗ್ಗೆ 8ರಿಂದ 10ರೊಳಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಮಾಡಿಸಿ ಎಂಡೋಕ್ರೈನ್ (ಹಾರ್ಮೋನ್) ತಜ್ಞರಿಗೆ ತೋರಿಸಿ. ಚೇತರಿಕೆಗೆ ಹಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಮಗು ಬೇಕೆಂದಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.