ಕೊಡೆ, ಕನ್ನಡಕ, ಪರ್ಸು: ಕೊರಿಯನ್ ಪದಗಳು ಮರೆಯದಿರಲು

ಪ್ರಶ್ನೆ: ಮೇಡಂ, ಕೊರಿಯನ್ ಸೀರಿಯಲ್ ನೋಡಿ ಆಸೆಯಾಗಿ 3 ತಿಂಗಳಿಂದ ಮನೆಯಲ್ಲೇ ಭಾಷೆ ಕಲಿಯುತ್ತಿದ್ದೇನೆ. ಅಕ್ಷರ ಓದಲು ಬರುತ್ತದೆ. ದಿನಬಳಕೆ ವಸ್ತುಗಳ 100 ಹೆಸರು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದೆ. ವಾರ ಕಳೆದರೆ ಅರ್ಧ ಮರೆತುಹೋಗುತ್ತದೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಗೋಡೆಯ ಪಟ್ಟಿಯನ್ನು ಇವತ್ತೇ ತೆಗೆದುಬಿಡಿ. ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಒಂದಕ್ಕೊಂದು ನಂಟಿಲ್ಲದ ನೂರು ಪದ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದರ ಬದಲು ನಿಮ್ಮ ಬ್ಯಾಗನ್ನು ಮೇಜಿನ ಮೇಲೆ ಸುರಿದುಕೊಳ್ಳಿ.

ಕೊಡೆ ಸಿಕ್ಕಿತೇ? ಅದು 'ಉಸಾನ್'. 'ಉ' ಅಂದರೆ ಮಳೆ, 'ಸಾನ್' ಅಂದರೆ ಕೊಡೆ. ಬಿಸಿಲಿಗೆ ಹಿಡಿಯುವುದು 'ಯಾಂಗ್‌ಸಾನ್', ರೇನ್‌ಕೋಟು 'ಉಬಿ'. ಕನ್ನಡಕ 'ಆನ್‌ಗ್ಯೊಂಗ್': ಕಣ್ಣು, ಕನ್ನಡಿ ಎರಡೂ ಸೇರಿದ ಪದ. ಕಣ್ಣಿನ ಕ್ಲಿನಿಕ್ಕಿನ ಬೋರ್ಡಿನಲ್ಲಿರುವ 'ಆನ್‌ಕ್ವಾ'ದಲ್ಲೂ ಅದೇ 'ಆನ್'. ವಾಚು 'ಶಿಗ್ಯೆ', ಹೊತ್ತು ಅಳೆಯುವುದು. ಜ್ವರ ನೋಡುವ ಥರ್ಮಾಮೀಟರು 'ಛೆಒನ್‌ಗ್ಯೆ', ಮೈಬಿಸಿ ಅಳೆಯುವುದು. ಚೀನೀ ಮೂಲದ ಈ ತುಣುಕುಗಳು ನಮ್ಮ ವಿದ್ಯಾಲಯ, ಗ್ರಂಥಾಲಯಗಳ 'ಆಲಯ'ದ ಹಾಗೆ. ಒಂದು ಗೊತ್ತಾದರೆ ನಾಲ್ಕು ಪದ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಇಂಗ್ಲಿಷಿನಿಂದ ಹೋದ ಪದಗಳಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಯಲ್ಲಿ 'ನೋಥುಬುಕ್' ಕೇಳಿದರೆ ಲ್ಯಾಪ್‌ಟಾಪ್ ತೋರಿಸುತ್ತಾರೆ. ಬರೆಯುವ ನೋಟ್‌ಬುಕ್ 'ಕೊಂಗ್‌ಛೆಕ್', ಅಂದರೆ ಖಾಲಿ ಪುಸ್ತಕ.

ಇನ್ನು, ಪದವನ್ನು ಒಂಟಿಯಾಗಿ ಬಿಡಬೇಡಿ, ವಾಕ್ಯದಲ್ಲಿ ಕೂರಿಸಿ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲವಿದೆ, ದಯವಿಟ್ಟು ಇಂಗ್ಲಿಷ್ ಮೂಲಕ ಸುತ್ತಿ ಬರಬೇಡಿ. ನಾವು 'ಕೊಡೆ ಇದೆ', 'ಕೊಡೆ ಇಲ್ಲ' ಅನ್ನುವಂತೆ ಅವರು 'ಉಸಾನಿ ಇಸ್ಸೊಯೊ', 'ಉಸಾನಿ ಒಪ್ಸೊಯೊ' ಅನ್ನುತ್ತಾರೆ. 'ಉಸಾನ್'ಗೆ ಅಂಟಿದ 'ಇ' ಕರ್ತೃವನ್ನು ತೋರಿಸುವ ಪ್ರತ್ಯಯ. ಕ್ರಿಯಾಪದ ಕೊನೆಗೇ ಬರುತ್ತದೆ. ನಾವು ನಮ್ಮನೆ, ನಮ್ಮಮ್ಮ ಅಂದಂತೆ ಅವರೂ 'ಉರಿ ಜಿಪ್', 'ಉರಿ ಒಮ್ಮಾ' ಅನ್ನುತ್ತಾರೆ. ಸ್ವಂತ ಕೊಡೆಗೆ ಮಾತ್ರ 'ನನ್ನ' ಬೇಕು. ಹಿರಿಯರೆದುರು 'ಜೆ ಉಸಾನ್', ಗೆಳೆಯರೊಡನೆ 'ನೆ ಉಸಾನ್'. ತುಸು ಅಭ್ಯಾಸ ಬೇಕಾದದ್ದು 'ಈ', 'ಆ' ಎಂಬ ಪದಗಳ ವಿಷಯದಲ್ಲಿ. ನಮಗೆ ಎರಡೇ, ಅವರಿಗೆ ಮೂರು: ನನ್ನ ಬಳಿಯದು 'ಇ', ನಿಮ್ಮ ಬಳಿಯದು 'ಗು', ಇಬ್ಬರಿಗೂ ದೂರದ್ದು 'ಜೊ'. ಎದುರಿಗೆ ತಂಗಿಯನ್ನೋ ಗೆಳತಿಯನ್ನೋ ಕೂರಿಸಿಕೊಂಡು ಕೊಡೆಯನ್ನು ಮೂರು ಕಡೆ ಇಟ್ಟು ಹೇಳಿ.

ನನಗೆ ತುಂಬ ಇಷ್ಟದ ವಾಕ್ಯ ಪರ್ಸಿನದು: 'ಜಿಗಾಬುಲ್ ಇರೊಬೊರ್ಯೊಸ್ಸೊಯೊ', ಪರ್ಸು ಕಳೆದುಬಿಟ್ಟೆ. 'ಜಿಗಾಪ್' ಅಂದರೆ ಪರ್ಸು, ಅದಕ್ಕೆ ಸೇರಿದ 'ಉಲ್' ನಮ್ಮ 'ಅನ್ನು' ಇದ್ದಂತೆ. ಕೊನೆಯ 'ಬೊರ್ಯೊಸ್ಸೊಯೊ'ದ ಮೂಲರೂಪ 'ಬೊರಿದಾ'; ಅದು ನಮ್ಮ 'ಬಿಡು' ಮಾಡುವ ಕೆಲಸವನ್ನೇ ಮಾಡುತ್ತದೆ. ಒಂಟಿಯಾಗಿ ಬಂದರೆ ಅದರ ಅರ್ಥ ಎಸೆಯುವುದು. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಂದರೆ 'ಆಗಿಯೇ ಹೋಯಿತು' ಎಂಬ ಭಾವ. ಪರ್ಸನ್ನು ಬರೀ ಹೆಸರಿಸುವಾಗ 'ಜಿಗಾಪ್' ಎಂದು ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿ, ಉಸಿರು ಹೊರಬಿಡಬೇಡಿ. ಅದರ ನಂತರ ಸ್ವರ ಬಂದರೆ ಆ 'ಪ್' ತಾನಾಗಿ 'ಬ' ಆಗುತ್ತದೆ. ಪರ್ಸು ಕೈಯಲ್ಲಿ ಹಿಡಿದು ಎರಡನ್ನೂ ಹತ್ತು ಸಲ ಹೇಳಿ ನೋಡಿ.