ಸಂಪಾದಕರ ಉತ್ತರ: ಕೈಮರದಲ್ಲಿ ಮರ ಎಲ್ಲಿದೆ?

ಚಿಕ್ಕಮಗಳೂರಿನ ಓದುಗರೊಬ್ಬರು ಮೂರು ಪ್ರಶ್ನೆ ಕಳಿಸಿದ್ದಾರೆ. ಮುಳ್ಳಯ್ಯನಗಿರಿ ದಾರಿಯಲ್ಲಿ ಸಿಗುವ ‘ಕೈಮರ’ದಲ್ಲಿ ಆ ಹೆಸರಿನ ಮರ ಯಾವುದು? ‘ಕೈ ಕೊಡು’ ಅಂದರೆ ಸಹಾಯವೋ ಮೋಸವೋ? ‘ಕೈದಿ’ ಅಂದರೆ ಕೈ ಕಟ್ಟಿಸಿಕೊಂಡವನು ತಾನೇ?

ನಮಸ್ಕಾರ. ಕೈಮರದಲ್ಲಿ ಮರ ಹುಡುಕಬೇಡಿ, ಸಿಗುವುದಿಲ್ಲ. ಮರಮುಟ್ಟು ಅನ್ನುತ್ತೇವಲ್ಲ, ಆ ಮರ ಇದು. ಹಿಂದೆ ದಾರಿ ಕವಲೊಡೆಯುವ ಕಡೆ ಒಂದು ಕಂಬ ನೆಡುತ್ತಿದ್ದರು. ಅದಕ್ಕೆ ಅಡ್ಡಲಾಗಿ ಹಲಗೆ ಹೊಡೆದು ಯಾವ ಊರು ಯಾವ ಕಡೆ ಎಂದು ಬರೆಯುತ್ತಿದ್ದರು. ಚಾಚಿಕೊಂಡ ಆ ಹಲಗೆಯೇ ಕೈ. ಕಂಬ ಹೋದರೂ ಜಾಗಕ್ಕೆ ಹೆಸರು ಉಳಿಯಿತು. ಕರಾವಳಿಯವರು ಇದನ್ನೇ ಕೈಕಂಬ ಅಂದರು. ಮಂಗಳೂರು ಕಡೆ ಬಸ್ ಹತ್ತಿ ಸುಮ್ನೆ ‘ಕೈಕಂಬ’ ಅಂದರೆ ಸಾಲದು. ಗುರುಪುರ ಕೈಕಂಬವೋ, ಬಿ.ಸಿ. ರೋಡ್ ಕೈಕಂಬವೋ ಬಿಡಿಸಿ ಹೇಳಬೇಕು.

ಇನ್ನು ಕೈ ಕೊಡುವ ವಿಷಯ. ಮೂಟೆ ಎತ್ತುವಾಗ ‘ಒಂದು ಕೈ ಕೊಡಿ’ ಅಂದರೆ ಸಹಾಯ. ಆ ‘ಒಂದು’ ಬಿಟ್ಟು, ಎರಡೂ ಪದ ಅಂಟಿಸಿ ‘ಕೈಕೊಟ್ಟ’ ಅಂದರೆ ಮುಗಿಯಿತು, ಮೋಸ! ಮನುಷ್ಯರು ಮಾತ್ರ ಅಲ್ಲ, ಕರೆಂಟು, ಬೈಕು, ಕೊನೆಗೆ ಮಂಡಿಯೂ ಕೈಕೊಡುತ್ತದೆ. ಮಂಡಿಗೆ ಕೈ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಇದರ ಎದುರು ಮಾತು ಕೈಹಿಡಿಯುವುದು. ‘ಮುಂಗಾರು ಕೈಕೊಟ್ಟಿತು, ಹಿಂಗಾರು ಕೈಹಿಡಿಯಿತು’ ಅನ್ನುವ ರೈತರ ಮಾತಿನಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಹಸ್ತದ ಗುರುತು ಬಂದ ಮೇಲಂತೂ ಪತ್ರಿಕೆಯವರಿಗೆ ಹಬ್ಬ. ‘ಕೈಗೆ ಕೈಕೊಟ್ಟ ಶಾಸಕ’ ಎಂಬ ತಲೆಬರಹ ನನಗೆ ಸಾಕಾಗಿಹೋಗಿದೆ. ನಮ್ಮಲ್ಲಿ ಯಾರಾದರೂ ಬರೆದರೆ ಆ ಸಾಲನ್ನು ಹೊಡೆದುಹಾಕುತ್ತೇನೆ.

ಕೈದಿಯ ಬಗ್ಗೆ ನಿಮ್ಮ ಊಹೆ ಚೆನ್ನಾಗಿದೆ, ಆದರೆ ಸರಿಯಲ್ಲ. ಅದು ಅರಬ್ಬಿಯ ‘ಕೈದ್’ನಿಂದ ಬಂದದ್ದು. ಕೈದ್ ಅಂದರೆ ಸೆರೆ. ಕೈಫಿಯತ್ತೂ ಆ ಕಡೆಯದೇ. ಬ್ರಿಟಿಷರ ಕಾಲದ ಸರ್ವೆ ಅಧಿಕಾರಿ ಕರ್ನಲ್ ಮೆಕೆಂಜಿ ಊರೂರಿನ ಹಳೆಯ ಸಂಗತಿಗಳನ್ನು ಬರೆಸಿ ಕೂಡಿಸಿದ ಕೈಫಿಯತ್ತುಗಳೆಲ್ಲ ಕೈಬರಹವೇ ಆದರೂ, ಆ ಹೆಸರಿನಲ್ಲಿ ನಮ್ಮ ಕೈ ಇಲ್ಲ. ಕೈಯಿಂದಲೇ ಹುಟ್ಟಿದ ಪದ ಬೇಕಿದ್ದರೆ ಹಳಗನ್ನಡದ ‘ಕೈದು’ ಇದೆ. ಅದರ ಅರ್ಥ ಆಯುಧ. ಕೈದು, ಕೈದಿ ನೋಡಲು ಅಣ್ಣ ತಮ್ಮಂದಿರ ಹಾಗಿದ್ದರೂ ನೆಂಟಸ್ತಿಕೆ ಏನೂ ಇಲ್ಲ.